ಒಂದು ಬಾಗಿಲಿಗೆ ಆರು ಕೀಲಿಕೈ

ಜಗ್ಗಣ್ಣನಿಗೆ ಆ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ, ಬೀದಿ ಇಟ್ಟದ್ದು. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡದೆ ಅವನು ಯಾವ ಬಾಗಿಲನ್ನೂ ಬಿಟ್ಟು ಹೋದವನಲ್ಲ. ತನ್ನ ಅಂಗಡಿಯದು ಹಾಗಿರಲಿ, ಪಕ್ಕದ ಔಷಧಿ ಅಂಗಡಿಯವನು ಬೀಗ ಹಾಕಿ ಹೋದ ಮೇಲೆ ಅದನ್ನೂ ಒಂದು ಸಲ ಜಗ್ಗಿ ಬರುತ್ತಿದ್ದ. ಔಷಧಿಯವನಿಗೆ ಮೊದಮೊದಲು ಇದು ಉಪಕಾರ ಅನ್ನಿಸಿತ್ತು. ಆಮೇಲಾಮೇಲೆ ಇವನೇ ಏನಾದರೂ ಹೊಂಚು ಹಾಕುತ್ತಿದ್ದಾನೋ ಅಂತ ಅನುಮಾನ ಶುರುವಾಯಿತು. ಅನುಮಾನ ಅಂಟುಜಾಡ್ಯ ನೋಡಿ, ಜಗ್ಗಣ್ಣನ ಹತ್ತಿರ ಹತ್ತು ನಿಮಿಷ ನಿಂತವರಿಗೂ ಹತ್ತುತ್ತಿತ್ತು.

ತಾನು ವಾಸವಿದ್ದ ಹಳೇ ಕಟ್ಟಡದ ಮೆಟ್ಟಿಲ ಕೆಳಗೆ ನಾಲ್ಕಡಿ ಅಗಲದ ಗೂಡು, ಅದೇ ಅವನ ಅಂಗಡಿ. ಒಳಗೆ ಒಂದು ಸ್ಟೂಲು, ಕೀಲಿಕೈ ಕೊರೆಯುವ ಒಂದು ಮಿಷನ್ನು, ಗೋಡೆ ತುಂಬ ಮೊಳೆಗೆ ನೇತುಹಾಕಿದ ಹಲ್ಲಿಲ್ಲದ ಕೀಲಿಕೈಗಳು, ಗ್ರೀಸು ಹತ್ತಿದ ಬಟ್ಟೆ. ನಲವತ್ತು ವರ್ಷ ಅಲ್ಲೇ ಕೂತು ಅವನ ಬೆನ್ನು ಆ ಮೆಟ್ಟಿಲಿನ ಓರೆಗೆ ತಕ್ಕಂತೆ ಬಾಗಿತ್ತು. ಕಸುಬು ಕಲಿಸಿದವನು ಸೋದರಮಾವ. ಆ ಮಾವ ಹೇಳಿಕೊಟ್ಟದ್ದು ಎರಡೇ ಮಾತು. ಗಿರಾಕಿಯ ಮುಖ ನೋಡಬೇಡ, ಕೀಲಿಕೈ ನೋಡು. ಎರಡನೆಯದು, ನೀನು ಕೊರೆದ ಕೀಲಿಕೈಗೆ ನಿನ್ನ ಗುರುತು ಹಾಕು. ಅದರಂತೆ ಜಗ್ಗಣ್ಣ ಪ್ರತಿ ಕೀಲಿಕೈಯ ಕತ್ತಿನ ಮೇಲೆ ಅರದಿಂದ ಎರಡು ಸಣ್ಣ ಗೀರು ಎಳೆದು, ಪಕ್ಕದಲ್ಲಿ ಬಾಗಿಲಿನ ನಂಬರು ಕೆತ್ತುತ್ತಿದ್ದ. ಗಿರಾಕಿಗಳ ಮುಖ ಎಂಟು ದಿನಕ್ಕೆ ಮರೆತುಹೋಗುತ್ತಿತ್ತು, ಕೀಲಿಕೈಯ ಹಲ್ಲು ಮಾತ್ರ ಹತ್ತು ವರ್ಷವಾದರೂ ಮರೆಯುತ್ತಿರಲಿಲ್ಲ.

ಬೀಗದ ಕೆಲಸ ಮಾಡುವವನಿಗೆ ಜಗತ್ತು ಸ್ವಲ್ಪ ಸೊಟ್ಟಗೆ ಕಾಣುವುದು ಸಹಜವೇ ಬಿಡಿ. ಆದರೆ ಇವನದು ಅತಿ. ಮೊಟ್ಟೆ ತಂದರೆ ಅಂಗಡಿಯಲ್ಲಿ ಒಂದು ಸಲ, ಮೆಟ್ಟಿಲ ಬುಡದಲ್ಲಿ ಒಂದು ಸಲ, ಮನೆಯಲ್ಲಿ ಒಂದು ಸಲ ಎಣಿಸುತ್ತಿದ್ದ. ನಡುವೆ ಯಾರು ಕದಿಯುತ್ತಾರೆ ಅಂತ ಹೆಂಡತಿ ಕೇಳಿದರೆ, ಅದೇ ಗೊತ್ತಾಗಬೇಕಲ್ಲ ಅನ್ನುತ್ತಿದ್ದ. ಡಾಕ್ಟರು ಮಾತ್ರೆ ಬರೆದರೆ ಆ ಡಾಕ್ಟರಿಗೂ ಔಷಧಿಯವನಿಗೂ ಏನು ಸಂಬಂಧ ಅಂತ ವಿಚಾರಿಸುತ್ತಿದ್ದ. ಮದುವೆಯ ದಿನ, ಮೊದಲು ತೋರಿಸಿದ ಹುಡುಗಿ ಇವಳೇ ಹೌದೋ ಅಲ್ಲವೋ ಅಂತ ಕತ್ತಿನ ಮಚ್ಚೆ ಬಗ್ಗಿ ನೋಡಿದ್ದನಂತೆ. ಮೂವತ್ತೊಂದು ವರ್ಷ ಕಳೆದರೂ ಹೆಂಡತಿ ಅದನ್ನು ಮರೆತಿಲ್ಲ. ಪರದೆ ಹೊಲಿಯುವ ಹೆಂಗಸು ಅವಳು, ಮಾತು ಸೂಜಿಯಷ್ಟೇ ಚುರುಕು. ಜಗಳವಾದಾಗಲೆಲ್ಲ ಕತ್ತು ಚಾಚಿ, ನೋಡಿಕೊಳ್ಳಿ ನಾನೇ ಇದ್ದೀನಿ ಅನ್ನುತ್ತಾಳೆ.

ಇಷ್ಟೆಲ್ಲ ಅನುಮಾನದ ಮನುಷ್ಯ ಕಣ್ಣು ಮುಚ್ಚಿ ನಂಬುತ್ತಿದ್ದದ್ದು ಒಬ್ಬಳನ್ನು ಮಾತ್ರ, ಅಕ್ಕನನ್ನು. ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ಇವನಿನ್ನೂ ಅಂಬೆಗಾಲಿಡುವ ಕೂಸು. ಅಕ್ಕ ಮದುವೆ ಗಿದುವೆ ಅಂತ ಯೋಚಿಸದೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿ, ಮೂವತ್ತನಾಲ್ಕು ವರ್ಷ ನಿಂತುಕೊಂಡೇ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕಿದಳು. ಇವನನ್ನು ಸಾಕಿದ್ದು ಆ ಇಸ್ತ್ರಿಪೆಟ್ಟಿಗೆ. ಕೊನೆಗೆ ಅವಳ ಮೊಣಕಾಲುಗಳು ನಮ್ಮಿಂದಾಗದು ಅಂದುಬಿಟ್ಟವು. ಮೂವರೂ ಇದ್ದದ್ದು ಮೂರನೇ ಮಹಡಿಯಲ್ಲಿ. ಲಿಫ್ಟಿಲ್ಲ, ಐವತ್ತನಾಲ್ಕು ಮೆಟ್ಟಿಲು. ಎರಡು ವರ್ಷದಿಂದ ಅಕ್ಕ ನೆಲ ಮುಟ್ಟಿರಲಿಲ್ಲ. ಒಮ್ಮೆ ಆಸ್ಪತ್ರೆಗೆ ಹೋಗಬೇಕಾದಾಗ ಇಬ್ಬರು ಆಳುಗಳು ಕುರ್ಚಿಯ ಸಮೇತ ಹೊತ್ತು ಇಳಿಸಿದ್ದರು. ನಡುವೆ ಒಬ್ಬನ ಕಾಲು ಜಾರಿತು. ಇನ್ನು ನನ್ನನ್ನು ಹೊರುವುದು ಒಂದೇ ಸಲ ಅಂತ ಅಕ್ಕ ಅವತ್ತೇ ಹೇಳಿಬಿಟ್ಟಿದ್ದಳು.

ಹಗಲೆಲ್ಲ ಕಿಟಕಿಯ ಪಕ್ಕ ಕೂತು ಕೆಳಗಿನ ಬೀದಿ ನೋಡುವುದೇ ಅವಳ ಕೆಲಸ. ಬರೀ ತಲೆ ಕಾಣುತ್ತೆ ಕಣೋ, ಯಾರ ಬೋಳು ಎಷ್ಟು ಅಗಲ ಆಯ್ತು ಅನ್ನೋದು ಬಿಟ್ಟು ನಂಗೆ ಇನ್ನೇನೂ ಗೊತ್ತಾಗ್ತಿಲ್ಲ ಅಂತ ನಗುತ್ತಿದ್ದಳು. ನಗುವಾಗಲೂ ಮೊಣಕಾಲು ಹಿಸುಕಿಕೊಳ್ಳುತ್ತಿದ್ದಳು. ನೆಲದ ಮಟ್ಟಕ್ಕೆ ಒಂದು ಮನೆ, ಬಾಗಿಲು ತೆಗೆದರೆ ಬೀದಿ, ಬಾಗಿಲಲ್ಲಿ ಒಂದು ಕುರ್ಚಿ. ಇಷ್ಟೇ ಅವಳ ಆಸೆ. ಕೆಲಸ ಬಿಡುವಾಗ ಬಂದ ಹಣವನ್ನು ಅವಳು ಒಂದು ಬಿಡಿಗಾಸೂ ಮುಟ್ಟದೆ ಇಟ್ಟಿದ್ದಳು. ಅದನ್ನು ತಮ್ಮನ ಕೈಗಿಟ್ಟು, ನೀನು ನಿನ್ನ ನೆರಳನ್ನೂ ನಂಬಲ್ಲ, ನಿನ್ನ ಕೈಯಲ್ಲಿದ್ದರೆ ಇದು ಎಲ್ಲೂ ಹೋಗಲ್ಲ ಅಂದಳು.

ಇಂಥ ಹೊತ್ತಿನಲ್ಲಿ ಅಂಗಡಿಗೆ ಬಂದವನು ಮೆತ್ತಗಿನವನು. ಜಗ್ಗಣ್ಣ ಅವನಿಗೆ ಮನಸ್ಸಿನಲ್ಲೇ ಇಟ್ಟ ಹೆಸರು ಅದು. ಮಾತು ಮೆತ್ತಗೆ, ನಡಿಗೆ ಮೆತ್ತಗೆ, ಚಪ್ಪಲಿ ಕೂಡ ಸದ್ದು ಮಾಡುತ್ತಿರಲಿಲ್ಲ. ಎರಡು ಬೀದಿ ಆಚೆ ಐದು ಮಹಡಿಯ ಹೊಸ ಕಟ್ಟಡ, ಅದರಲ್ಲಿ ಮೂವತ್ತು ಮನೆ, ಎಲ್ಲ ತನ್ನದೇ, ಮಾರುತ್ತಿದ್ದೇನೆ ಅಂದ. ಮೂವತ್ತು ಬಾಗಿಲಿಗೂ ಒಳ್ಳೆಯ ಬೀಗ ಕೂರಿಸಬೇಕು, ಬಾಗಿಲಿಗೆ ಆರಾರು ಕೀಲಿಕೈ ಬೇಕು ಅಂತ ಆರ್ಡರು ಕೊಟ್ಟ.

ಈಗ ನೀವೇ ಹೇಳಿ, ಮೊಟ್ಟೆಯನ್ನು ಮೂರು ಸಲ ಎಣಿಸುವವನು ಇಲ್ಲಿ ಏನು ಕೇಳಬೇಕಿತ್ತು? ಒಂದು ಮನೆಗೆ ಆರು ಕೀಲಿಕೈ ಯಾಕಪ್ಪ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಹೆಚ್ಚು ಕೀಲಿಕೈ ಕೇಳುವವರನ್ನು ಕಂಡರೆ ಕೀಲಿಯವನಿಗೆ ಅನುಮಾನ ಬರುವುದಿಲ್ಲ, ಖುಷಿಯಾಗುತ್ತದೆ. ಜನ ಒಂದು ಕಳೆದುಕೊಳ್ಳುತ್ತಾರೆ, ಒಂದು ಮರೆತು ಬರುತ್ತಾರೆ, ಒಂದು ನೆಂಟರ ಮನೆಯಲ್ಲಿ ಬಿಡುತ್ತಾರೆ, ಮೊದಲೇ ಹೆಚ್ಚು ಮಾಡಿಸಿ ಅಂತ ನಲವತ್ತು ವರ್ಷದಿಂದ ಬಂದವರಿಗೆಲ್ಲ ಬುದ್ಧಿ ಹೇಳುತ್ತಿದ್ದವನೇ ಅವನು. ಕೊನೆಗೂ ಒಬ್ಬ ತಿಳಿದ ಮನುಷ್ಯ ಸಿಕ್ಕ ಅಂದುಕೊಂಡ. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಅದು ಇದೇ.

ಮೂರು ವಾರ ಆ ಕಟ್ಟಡದಲ್ಲಿ ಬಾಗಿಲು ಕೊರೆದು ಬೀಗ ಕೂರಿಸಿದ. ನೆಲದ ಮಟ್ಟದಲ್ಲಿ ಎರಡೇ ಮನೆ. ಎರಡನೇ ನಂಬರಿನದು ಬೀದಿಗೆ ನೇರ ಬಾಗಿಲು, ಒಂದೂ ಮೆಟ್ಟಿಲಿಲ್ಲ, ಹೊಸ್ತಿಲು ಕೂಡ ನೆಲದ ಸಮಕ್ಕಿತ್ತು. ಆ ಬಾಗಿಲಿಗೆ ಬೀಗ ಕೂರಿಸುವಾಗ ಅವನ ಕೈ ನಿಂತಿತು. ಅಕ್ಕನ ಕುರ್ಚಿ ಎಲ್ಲಿ ಹಾಕಬೇಕು ಅಂತ ಕೂಡ ಯೋಚಿಸಿಬಿಟ್ಟ. ಆದರೂ ಒಂದು ವಾರ ಬಾಯಿಬಿಡಲಿಲ್ಲ. ಈ ಮನೆ ತಗೋತೀರಾ ಅಂತ ಮೆತ್ತಗಿನವನೇ ಕೇಳಿಯಾನು, ಕೇಳಿದರೆ ಇದು ಮೋಸ ಅಂತ ಕಾದ. ಅವನು ಕೇಳಲಿಲ್ಲ. ಕೊನೆಗೆ ಇವನೇ ಕೇಳಿದ್ದಕ್ಕೆ, ಅದು ಬೇರೆಯವರಿಗೆ ಮಾತಾಗಿದೆಯಲ್ಲ ಅಂತ ಅವನು ಕೈ ಚೆಲ್ಲಿದ. ಅಕ್ಕನ ಮೊಣಕಾಲಿನ ಕತೆ ಕೇಳಿದ ಮೇಲೆ ಎರಡು ದಿನ ಬಿಟ್ಟು, ಆ ಇನ್ನೊಬ್ಬರಿಗೆ ಮೇಲಿನ ಮನೆ ಒಪ್ಪಿಸಿದ್ದೀನಿ, ನಿಮಗೆ ಅವಸರವೇನಿಲ್ಲ, ಕಾಗದಪತ್ರ ತಗೊಂಡು ಹೋಗಿ ನಿಮ್ಮ ವಕೀಲರಿಗೆ ತೋರಿಸಿ, ಅನುಮಾನ ಇದ್ದರೆ ಬೇಡವೇ ಬೇಡ ಅಂದ. ಅನುಮಾನದವನಿಗೆ ಅನುಮಾನ ಪಡು ಅಂದರೆ ಮುಗಿಯಿತು, ಅವನು ಅರ್ಧ ಬಲೆಗೆ ಬಿದ್ದ ಹಾಗೆಯೇ.

ಜಗ್ಗಣ್ಣ ಬಿಡಲಿಲ್ಲ. ಗೋಡೆ ತಟ್ಟಿ ನೋಡಿದ, ನಲ್ಲಿ ತಿರುಗಿಸಿ ಅರ್ಧ ಗಂಟೆ ನಿಂತ, ಎದುರಿನ ಟೀ ಅಂಗಡಿಯಲ್ಲಿ ಮೂರು ದಿನ ಕೂತು ಯಾರು ಬರುತ್ತಾರೆ ಹೋಗುತ್ತಾರೆ ಅಂತ ಕಾದ. ಕಾಗದದ ಮುದ್ರೆಗಳನ್ನು ಬೆಳಕಿಗೆ ಹಿಡಿದ. ವಕೀಲರು ಎಲ್ಲ ಅಸಲಿ ಅಂದರು. ಅಸಲಿಯೇ ಹೌದು, ಅದರಲ್ಲಿ ಸುಳ್ಳಿಲ್ಲ. ಆದರೆ ಅವೆಲ್ಲ ದೂರದ ಊರಿನಲ್ಲಿದ್ದ ನಿಜವಾದ ಯಜಮಾನನ ಕಾಗದಗಳು. ಮೆತ್ತಗಿನವನು ಆ ಯಜಮಾನನಿಂದ ಇಡೀ ಕಟ್ಟಡವನ್ನು ಒಂದು ವರ್ಷಕ್ಕೆ ಬಾಡಿಗೆಗೆ ಹಿಡಿದು, ಅವನ ಹೆಸರನ್ನೂ ಹಾಕಿಕೊಂಡು ಕೂತಿದ್ದ. ತೋರಿಸಿದ್ದರಲ್ಲಿ ನಕಲಿ ಅಂತ ಇದ್ದದ್ದು ಅವನ ಗುರುತಿನ ಚೀಟಿ ಒಂದೇ. ಇದೆಲ್ಲ ಗೊತ್ತಾದದ್ದು ಆಮೇಲೆ. ಆಗ ಜಗ್ಗಣ್ಣ ಮನುಷ್ಯನನ್ನು ಬಿಟ್ಟು ಉಳಿದದ್ದೆಲ್ಲ ನೋಡಿದ. ಅಕ್ಕನ ಹಣದಲ್ಲಿ ಮುಕ್ಕಾಲು ಪಾಲು ಕೊಟ್ಟ. ಉಳಿದದ್ದು ನೋಂದಣಿಯ ದಿನಕ್ಕೆ ಅಂತ ಮಾತಾಯಿತು. ಎಲ್ಲ ಮನೆಗಳ ನೋಂದಣಿಯೂ ಒಂದೇ ದಿನ ಅಂತ ಮೆತ್ತಗಿನವನು ದಿನ ಗೊತ್ತು ಮಾಡಿದ್ದ. ಜಗ್ಗಣ್ಣ ಎರಡನೇ ನಂಬರಿಗೆ ಮೊದಲು ಕೂರಿಸಿದ್ದ ಬೀಗ ಕಿತ್ತು, ತನ್ನದೇ ಬೇರೆ ಬೀಗ ಹಾಕಿ, ಅದರ ಕೀಲಿಕೈ ಒಂದನ್ನೂ ಬೇರೆಯವರಿಗೆ ಕೊಡದೆ ಮನೆಗೆ ತಂದ. ಅಕ್ಕ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಬೀದಿಗೆಲ್ಲ ಸುದ್ದಿ ಹಬ್ಬಿತು. ಜಗ್ಗಣ್ಣ ಮನೆ ತಗೊಂಡನಂತೆ ಅನ್ನುವುದೇ ದೊಡ್ಡ ಸುದ್ದಿ. ಅವನೇ ತಗೊಂಡ ಅಂದ ಮೇಲೆ ಅದರಲ್ಲಿ ಹುಳುಕು ಹುಡುಕುವುದು ಬೇಕಿಲ್ಲ ಅಂತ ಜನ ಮಾತಾಡಿಕೊಂಡರು. ಔಷಧಿಯವನು ತನ್ನ ಭಾವನಿಗೆ ಹೇಳಿದ, ಭಾವ ಇನ್ಯಾರಿಗೋ ಹೇಳಿದ. ಇದನ್ನು ಕೇಳಿ ಜಗ್ಗಣ್ಣನಿಗೆ ಒಳಗೊಳಗೇ ಹೆಮ್ಮೆ. ಹೆಂಡತಿಯ ಮುಂದೆ ಹೇಳಿಕೊಂಡದ್ದೂ ಆಯಿತು.

ಒಂದು ಮಧ್ಯಾಹ್ನ ಒಬ್ಬ ನರ್ಸಮ್ಮ ಅಂಗಡಿಗೆ ಬಂದಳು. ಹೊಸ ಮನೆ ಕಾದಿರಿಸಿದ್ದೀನಿ, ಒಂದೇ ಕೀಲಿಕೈ ಕೊಟ್ಟಿದ್ದಾರೆ, ಮನೆಯವರಿಗೂ ಒಂದು ಬೇಕು ಅಂತ ಕೀಲಿಕೈ ಮುಂದಿಟ್ಟಳು. ಕತ್ತಿನ ಮೇಲೆ ಎರಡು ಗೀರು, ಪಕ್ಕದಲ್ಲಿ ಹದಿನಾಲ್ಕು. ತನ್ನದೇ ಕೈಕೆಲಸ. ಆರು ಮಾಡಿಕೊಟ್ಟಿದ್ದೆನಲ್ಲ, ಒಂದೇ ಯಾಕೆ ಕೊಟ್ಟ ಅಂತ ಒಂದು ಸಣ್ಣ ಹುಳ ತಲೆಯೊಳಗೆ ಹೊಕ್ಕಿತು. ನಕಲು ಮಾಡಿಕೊಟ್ಟ.

ನಾಲ್ಕು ದಿನ ಬಿಟ್ಟು ಬಂದವನು ಬಸ್ ಡ್ರೈವರು. ಅದೇ ಬೀದಿಯಲ್ಲಿ ದಿನಾ ಬಸ್ಸು ಓಡಿಸುವವನು, ತಲೆ ಮೇಲೆ ನಾಲ್ಕೇ ಕೂದಲು, ಅಕ್ಕನಿಗೆ ಕಿಟಕಿಯಿಂದಲೇ ಪರಿಚಯ. ಅವನು ಇಟ್ಟ ಕೀಲಿಕೈಯ ಮೇಲೂ ಹದಿನಾಲ್ಕು. ಅದೇ ಹಲ್ಲು. ಜಗ್ಗಣ್ಣ ಮೇಲೆ ಕೆಳಗೆ ನೋಡಿದ. ಹೆಂಡತಿಗೆ ಅಂತ ಇನ್ನೊಂದು ಬೇಕು ಅಂತ ಡ್ರೈವರು ಹೇಳಿದ. ಯಾವ ಹೆಂಡತಿಯಪ್ಪ ಅಂತ ಜಗ್ಗಣ್ಣನ ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡ. ಎಷ್ಟೆಂದರೂ ಅನುಮಾನ ತಾನು ಓಡಾಡಿದ ದಾರಿಯಲ್ಲೇ ಓಡುತ್ತದೆ. ಡ್ರೈವರಿಗೂ ನರ್ಸಮ್ಮನಿಗೂ ಏನೋ ನಡೀತಿದೆ, ಕದ್ದುಮುಚ್ಚಿ ಇಬ್ಬರೂ ಸೇರಿ ಮನೆ ಮಾಡಿದ್ದಾರೆ ಅಂತ ಅವನು ತೀರ್ಮಾನವನ್ನೇ ಮಾಡಿಬಿಟ್ಟ. ಸಂಜೆ ಊಟಕ್ಕೆ ಕೂತಾಗ ಹೆಂಡತಿಗೆ ಪಿಸುಗುಟ್ಟಿದ. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಕದ್ದು ಮುಚ್ಚಿ ಮಾಡೋರು ಒಂದೇ ಅಂಗಡಿಗೆ, ಒಂದೇ ವಾರದಲ್ಲಿ, ಒಂದೇ ಕೀಲಿಕೈ ಹಿಡ್ಕೊಂಡು ಬರ್ತಾರೇನು, ಬುದ್ಧಿ ಎಲ್ಲಿಟ್ಟಿದ್ದೀರಿ ಅಂದಳು.

ಅವನು ತಟ್ಟೆ ಸರಿಸಿ ಎದ್ದ. ಮಾರನೇ ದಿನವೇ ನಿವೃತ್ತ ಮೇಷ್ಟರೊಬ್ಬರು ಹೆಂಡತಿಯ ಜೊತೆ ಬಂದು ಇನ್ನೊಂದು ಹದಿನಾಲ್ಕನ್ನು ಮುಂದಿಟ್ಟರು. ಜಗ್ಗಣ್ಣ ಅದರ ಹಲ್ಲನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದ. ಯಾವ ಮಹಡಿ, ಯಾವತ್ತು ಮನೆ ತೋರಿಸಿದರು, ಎಷ್ಟು ಕೀಲಿಕೈ ಕೊಟ್ಟರು ಅಂತ ಮಾತಿನ ನಡುವೆ ಕೇಳಿದ. ಮೂರನೇ ಮಹಡಿ, ಎಡಗಡೆ. ತೋರಿಸಿದ್ದು ಬುಧವಾರ. ಒಂದೇ ಕೀಲಿಕೈ. ಬಣ್ಣ ಇನ್ನೂ ಹಸಿ, ಲಿಫ್ಟಿನ ಕೆಲಸ ನಡೀತಿದೆ, ನೋಂದಣಿ ಆಗೋವರೆಗೆ ಬರಬೇಡಿ, ಕೀಲಿಕೈ ಮಾತ್ರ ಧೈರ್ಯಕ್ಕೆ ಇಟ್ಟುಕೊಳ್ಳಿ ಅಂದಿದ್ದನಂತೆ. ಮೇಷ್ಟರು ಅದನ್ನು ಕರವಸ್ತ್ರದಲ್ಲಿ ಸುತ್ತಿ ಒಳಜೇಬಿಗೆ ಹಾಕಿಕೊಂಡರು.

ಅವರು ಹೋದ ಮೇಲೆ ಜಗ್ಗಣ್ಣ ಮಿಷನ್ನು ನಿಲ್ಲಿಸಿ ಸುಮ್ಮನೆ ಕೂತ. ಒಂದು ಮನೆ, ಆರು ಕೀಲಿಕೈ, ಆರು ಜನ. ಹಾಗೆ ಮೂವತ್ತು ಬಾಗಿಲು. ಕೀಲಿಕೈ ಕೈಗೆ ಬಂದರೆ ಜನ ಮನೆಯೇ ಬಂತು ಅಂತ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಆ ಒಂದೊಂದು ಕೀಲಿಕೈಯನ್ನೂ ಕೂತು ಕೊರೆದು, ಉಜ್ಜಿ, ಗುರುತು ಹಾಕಿ ಕಳ್ಳನ ಕೈಗೆ ಕೊಟ್ಟವನು ತಾನೇ. ನೋಂದಣಿಗೆ ಇನ್ನು ಎಂಟು ದಿನ ಇತ್ತು.

ಆಗಲೇ ಎದ್ದು ಪೊಲೀಸ್ ಠಾಣೆಗೆ ಹೋಗಬಹುದಿತ್ತು. ಠಾಣೆ ದೂರವೇನಲ್ಲ, ಔಷಧಿ ಅಂಗಡಿ ದಾಟಿದರೆ ಎರಡನೇ ತಿರುವು. ಚಪ್ಪಲಿಯನ್ನೂ ಮೆಟ್ಟಿದ. ಮೆಟ್ಟಿ ಅಲ್ಲೇ ನಿಂತ. ಈಗ ಬಾಯಿಬಿಟ್ಟರೆ ಮೆತ್ತಗಿನವನು ಗಂಟುಮೂಟೆ ಕಟ್ಟುತ್ತಾನೆ, ಅಕ್ಕನ ಹಣ ಗೋವಿಂದ. ಆದರೆ ನನ್ನ ಬಾಗಿಲಿಗೆ ನನ್ನ ಬೀಗ ಇದೆ, ಅದರ ಕೀಲಿಕೈ ಬೇರೆ ಯಾರ ಹತ್ತಿರವೂ ಇಲ್ಲ. ಮೇಲಿನ ಮನೆಗಳದು ಏನಾದರಾಗಲಿ, ನೆಲದ ಮನೆ ನನಗೇ ಬರುತ್ತೆ. ನನ್ನ ನೋಂದಣಿ ಒಂದು ಆಗಿಬಿಡಲಿ, ಅದೇ ಕಾಲಲ್ಲಿ ಠಾಣೆಗೆ ಹೋಗ್ತೀನಿ. ಹೀಗೆ ತನಗೆ ತಾನೇ ಹೇಳಿಕೊಂಡ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಚಪ್ಪಲಿ ಬಿಚ್ಚಿ ಮತ್ತೆ ಸ್ಟೂಲಿನ ಮೇಲೆ ಕೂತ.

ಮಾರನೇ ದಿನ ಏನೂ ತಿಳಿಯದವನ ಹಾಗೆ ಹೊಸ ಕಟ್ಟಡದಲ್ಲೇ ಇದ್ದ ಮೆತ್ತಗಿನವನ ಕಚೇರಿಗೆ ಹೋದ. ಅವನು ಎದ್ದು ನಿಂತು ಕುರ್ಚಿ ಎಳೆದುಕೊಟ್ಟ, ಟೀ ತರಿಸಿದ. ಇವನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಾನಾಗಿಯೇ, ಎಲ್ಲರಿಗಿಂತ ಮೊದಲು ನಿಮ್ಮದೇ ನೋಂದಣಿ ಮಾಡಿಸ್ತೀನಿ, ಒಂಬತ್ತಕ್ಕೇ ಬನ್ನಿ, ಯಾರಿಗೂ ಹೇಳಬೇಡಿ, ಬೇರೆಯವರು ಬೇಜಾರು ಮಾಡ್ಕೋತಾರೆ ಅಂದ. ನಂಗೆ ಎಲ್ಲ ಗೊತ್ತಾಗಿದೆ ಅನ್ನೋದು ಇವನಿಗೂ ಗೊತ್ತಾಗಿದೆ ಅಂತ ಜಗ್ಗಣ್ಣನಿಗೆ ಅನ್ನಿಸಿತು. ಆ ಟೀ ಲಂಚ ಅಂತಲೂ ಅನ್ನಿಸಿತು. ಆದರೂ ಕುಡಿದ.

ಆ ಎಂಟು ದಿನ ಅವನು ಮನುಷ್ಯನಾಗಿರಲಿಲ್ಲ. ಯಾರು ಅಂಗಡಿಯ ಮುಂದೆ ನಿಂತರೂ ಮಿಷನ್ನಿನ ಹಿಂದೆ ಮುಖ ಮರೆಸುತ್ತಿದ್ದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರೆ, ಕದಿಯದವನ ಮನಸ್ಸೂ ಹಾಗಾಗುತ್ತೆ ಅಂತ ಅವನಿಗೆ ಗೊತ್ತಿರಲಿಲ್ಲ. ಹೆಂಡತಿ ಎರಡು ಸಲ ಏನಾಯಿತು ಅಂತ ಕೇಳಿದಳು. ಅಜೀರ್ಣ ಅಂದ. ಮನೆಯಲ್ಲಿ ಅಕ್ಕ ಕುರ್ಚಿಗೆ ಹೊಸ ದಿಂಬು ಹೊಲಿಸಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ಕೂತರೆ ಬಿಸಿಲು ಯಾವ ಕಡೆಯಿಂದ ಬರುತ್ತೆ ಅಂತ ಇವನನ್ನು ಕೇಳುತ್ತಿದ್ದಳು. ಇವನು ಬಿಸಿಲಿನ ಲೆಕ್ಕ ಹೇಳುತ್ತಿದ್ದ.

ನೋಂದಣಿಗೆ ಮೂರು ದಿನ ಇದ್ದಾಗ ಬಸ್ ಡ್ರೈವರು ಮತ್ತೆ ಬಂದ. ಈ ಸಲ ಕೀಲಿಕೈಗಲ್ಲ. ಉಳಿದ ಹಣವನ್ನೆಲ್ಲ ಮೊದಲೇ ಕೊಟ್ಟರೆ ಬೆಲೆಯಲ್ಲಿ ಸ್ವಲ್ಪ ಬಿಡ್ತೀನಿ ಅಂದಿದ್ದಾರೆ, ಹೆಂಡತಿ ತವರಿಂದ ಬಂದ ಜಾಗ ಮಾರಿ ಹಣ ತಂದಿದ್ದಾಳೆ, ಯಾಕೋ ಕೊಡೋಕೆ ಕೈ ಬರ್ತಿಲ್ಲ ಅಂದ. ಹೇಳುವಾಗ ಅಂಗಡಿಯ ಮೆಟ್ಟಿಲಿಗೆ ಒರಗಿ ನಿಂತಿದ್ದ, ಮೈಮೇಲೆ ಡ್ಯೂಟಿಯ ಬಟ್ಟೆ ಇತ್ತು.

"ನೀವೂ ಅಲ್ಲೇ ತಗೊಂಡಿದ್ದೀರಿ. ನೀವು ಹೂಂ ಅನ್ನಿ ಅಣ್ಣ, ನಾನು ಕೊಡ್ತೀನಿ. ಇಲ್ಲ ಅನ್ನಿ, ವಾಪಸ್ ಹೋಗ್ತೀನಿ."

ಜಗ್ಗಣ್ಣ ಕೈಯಲ್ಲಿದ್ದ ಕೀಲಿಕೈಯನ್ನು ಅರದಿಂದ ಉಜ್ಜುತ್ತಲೇ ಇದ್ದ. ಉಜ್ಜುವುದಕ್ಕೆ ಅದರಲ್ಲಿ ಇನ್ನೇನೂ ಉಳಿದಿರಲಿಲ್ಲ. ಹೂಂ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ.

"ನಾನೂ ಕೊಟ್ಟಿದೀನಪ್ಪ" ಅಂದ.

ಸುಳ್ಳಲ್ಲ, ಕೊಟ್ಟದ್ದು ನಿಜವೇ. ಡ್ರೈವರಿಗೆ ಅಷ್ಟು ಸಾಕಾಯಿತು. ಮುಖ ಅರಳಿಸಿಕೊಂಡು ಹೋದ, ಅದೇ ಸಂಜೆ ಹಣ ಕಟ್ಟಿದ. ಜಗ್ಗಣ್ಣ ಆ ದಿನ ಅಂಗಡಿಯನ್ನು ಬೇಗ ಮುಚ್ಚಿ ಮೇಲೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ.

ನೋಂದಣಿಯ ದಿನ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗಲೇ, ಒಗೆದ ಅಂಗಿ ಹಾಕಿಕೊಂಡು ಹೊಸ ಕಟ್ಟಡದ ಹತ್ತಿರ ಹೋದ. ತನಗೊಬ್ಬನಿಗೇ ಒಂಬತ್ತಕ್ಕೆ ಬರಲು ಹೇಳಿದ್ದ ಅಂದುಕೊಂಡಿದ್ದ. ಅಲ್ಲಿ ನೋಡಿದರೆ ನೂರಕ್ಕೂ ಹೆಚ್ಚು ಜನ. ಎಲ್ಲರಿಗೂ ನಿಮ್ಮದೇ ಮೊದಲು, ಯಾರಿಗೂ ಹೇಳಬೇಡಿ ಅಂತಲೇ ಹೇಳಿದ್ದ ಪುಣ್ಯಾತ್ಮ. ಕಚೇರಿಯ ಬಾಗಿಲಿಗೆ ಬೀಗ. ಫೋನು ಹೋಗುತ್ತಿಲ್ಲ. ಜಗ್ಗಣ್ಣನನ್ನು ಕಂಡದ್ದೇ ಜನಕ್ಕೆ ಜೀವ ಬಂದಂತಾಯಿತು. ಬಂದ್ರು ಬಂದ್ರು, ದಾರಿ ಬಿಡಿ ಅಂದರು. ಯಾರೋ ಬೀಗ ತೆಗೆಯಿರಿ ಅಂದರು. ತೆಗೆದ. ಒಳಗೆ ಒಂದು ಮೇಜು, ನಾಲ್ಕು ಕುರ್ಚಿ, ಗೋಡೆಯ ಮೇಲೆ ಕಟ್ಟಡದ ಬಣ್ಣದ ಚಿತ್ರ. ಬೇರೆ ಒಂದು ಚೂರು ಕಾಗದವೂ ಇರಲಿಲ್ಲ.

ಆಮೇಲೆ ಜನ ತಮ್ಮ ತಮ್ಮ ಕೀಲಿಕೈ ತೆಗೆದು ಪಕ್ಕದವರದಕ್ಕೆ ಹೊಂದಿಸಿ ನೋಡತೊಡಗಿದರು. ಹದಿನಾಲ್ಕನೇ ನಂಬರಿನವರು ಐದು ಮಂದಿ ಒಂದು ಕಡೆ ಸೇರಿದರು. ನರ್ಸಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಒಬ್ಬ ಮುದುಕ, ಒಬ್ಬಳು ಮುದುಕಿ ಎರಡನೇ ನಂಬರಿನ ಬಾಗಿಲ ಮುಂದೆ ನಿಂತು ಕೀಲಿಕೈ ತಿರುಗಿಸುತ್ತಿದ್ದರು. ಬೀಗ ಬದಲಾಗಿದೆ ಅಂತ ಕಾಣುತ್ತೆ, ಇದು ನಮ್ಮ ಮನೆ, ಸ್ವಲ್ಪ ತೆಗೆದುಕೊಡ್ತೀರಾ ಅಂತ ಜಗ್ಗಣ್ಣನನ್ನೇ ಕೇಳಿದರು. ಅವನ ಬೀಗ ಅವರನ್ನು ಒಳಗೆ ಬಿಟ್ಟಿರಲಿಲ್ಲ, ನಿಜ. ಆದರೆ ಮನೆಯನ್ನು ಅವರಿಗೂ ಮಾರುವುದನ್ನು ಅದು ತಪ್ಪಿಸಿರಲಿಲ್ಲ. ಅಷ್ಟರಲ್ಲಿ ಡ್ರೈವರು ಅವನ ಮುಂದೆ ಬಂದು ನಿಂತ. ಕೂಗಲಿಲ್ಲ, ಕೈ ಎತ್ತಲಿಲ್ಲ.

"ನಾನು ಅವನನ್ನ ನಂಬಲಿಲ್ಲ ಅಣ್ಣ. ನಿಮ್ಮನ್ನ ನಂಬಿದೆ" ಅಂದ. ಪಾಪ, ನಿಮ್ಮದೂ ಹೋಯ್ತಲ್ಲ ಅಂತ ಭುಜ ಮುಟ್ಟಿದ. ಆ ಕೈ ಜಗ್ಗಣ್ಣನಿಗೆ ಏಟಿಗಿಂತ ಹೆಚ್ಚಾಯಿತು.

ಎಲ್ಲರೂ ಸೇರಿ ಠಾಣೆಗೆ ಹೋಗುವುದು ಅಂತಾಯಿತು. ಬೀಗ ಹಾಕಿದವನು ಜೊತೆಗಿದ್ದರೆ ದೂರಿಗೆ ತೂಕ ಬರುತ್ತೆ, ಮನೆಗೆ ಹೋಗಿ ಅಕ್ಕನಿಗೆ ತಿಳಿಸಿ ಬನ್ನಿ, ನಿಮ್ಮ ಅಂಗಡಿ ಮುಂದೆ ಕಾಯ್ತೀವಿ ಅಂದರು. ಅವನು ಐವತ್ತನಾಲ್ಕು ಮೆಟ್ಟಿಲು ಹತ್ತಿದ. ಪ್ರತಿ ತಿರುವಿನಲ್ಲೂ ನಿಂತ.

ಹೊಸ ದಿಂಬಿನ ಮೇಲೆ ಕೂತಿದ್ದಳು ಅಕ್ಕ. ಅವನು ಎಲ್ಲ ಹೇಳಿದ. ಮೆತ್ತಗಿನವನು, ಮೂವತ್ತು ಬಾಗಿಲು, ಆರು ಕೀಲಿಕೈ, ಕಚೇರಿಯ ಖಾಲಿ ಮೇಜು. ಹೆಂಡತಿ ಒಲೆ ಆರಿಸಿ ಬಂದು ಗೋಡೆಗೆ ಒರಗಿದಳು. ಅಕ್ಕ ಅಳಲಿಲ್ಲ. ಹಣದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ತಮ್ಮನ ಮುಖವನ್ನೇ ನೋಡುತ್ತಿದ್ದಳು. ಅಂಬೆಗಾಲಿಡುವಾಗಿನಿಂದ ನೋಡಿದ ಮುಖ ಅದು, ಅದರಲ್ಲಿ ಏನು ಮುಚ್ಚಿಟ್ಟರೂ ಅವಳಿಗೆ ಕಾಣುತ್ತಿತ್ತು.

"ನಿಂಗೆ ಯಾವಾಗ ಗೊತ್ತಾಯ್ತು?" ಅಂದಳು.

ಇವತ್ತು ಅಂದಿದ್ದರೆ ಆಗುತ್ತಿತ್ತು. ಇವತ್ತು ಅನ್ನುವ ಮಾತು ಬಾಯಲ್ಲಿ ಸಿದ್ಧವಾಗಿಯೂ ಇತ್ತು. ಆದರೆ ಜನ್ಮದಲ್ಲಿ ಅವಳಿಗೊಬ್ಬಳಿಗೆ ಅವನು ಸುಳ್ಳು ಹೇಳಿರಲಿಲ್ಲ. ಎಂಟು ದಿನ ಆಯ್ತು ಅಂದ. ಡ್ರೈವರು ಬಂದು ಕೇಳಿದ್ದು, ತಾನು ಹೇಳಿದ್ದು, ಅವನ ಹೆಂಡತಿಯ ತವರಿನ ಜಾಗ, ಅದೂ ಹೇಳಿದ. ನಿನ್ನ ಮನೆ ಕೈ ತಪ್ಪುತ್ತೆ ಅಂತ ಸುಮ್ಮನಿದ್ದೆ ಅಕ್ಕ ಅಂದ.

ಅಕ್ಕ ಸೆರಗಿನ ತುದಿಯ ಗಂಟು ಬಿಚ್ಚಿ ಕೀಲಿಕೈಯನ್ನು ಕಿಟಕಿಯ ಹಲಗೆಯ ಮೇಲಿಟ್ಟಳು. ಕೋಲು ಕೊಡು ಅಂತ ತಮ್ಮನ ಹೆಂಡತಿಗೆ ಹೇಳಿದಳು. ಎಲ್ಲಿಗೆ ಅಂತ ಇಬ್ಬರೂ ಒಟ್ಟಿಗೆ ಕೇಳಿದರು. ಕೆಳಗೆ ಅಂದಳು.

ಹೊತ್ತುಕೊಂಡು ಇಳಿಸಲು ಯಾರನ್ನಾದರೂ ಕರೀತೀನಿ ಅಂದ. ಬೇಡ ಅಂದಳು. ಮೊದಲ ಮೆಟ್ಟಿಲಿನ ಮೇಲೆ ಕೂತಳು. ಎರಡೂ ಕೈ ಊರಿ ಮೈಯನ್ನು ಎತ್ತಿ ಎರಡನೆಯದಕ್ಕೆ ಇಳಿದಳು. ಕೂತುಕೊಂಡೇ, ಒಂದೊಂದೇ. ಅವನು ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ, ಬಿದ್ದರೆ ಹಿಡಿಯಲು ಕೈ ಚಾಚಿಕೊಂಡು ಹಿಮ್ಮುಖವಾಗಿ ಇಳಿಯುತ್ತಿದ್ದ. ಮುಟ್ಟಬೇಡ ಅಂದಳು. ಪ್ರತಿ ಮೆಟ್ಟಿಲಿಗೂ ಅವಳ ಹಲ್ಲು ಕಡಿಯುವ ಸದ್ದು ಕೇಳುತ್ತಿತ್ತು. ಎರಡನೇ ಮಹಡಿಯವರು ಬಾಗಿಲು ತೆಗೆದು ನೋಡಿದರು, ನೀರು ತಂದುಕೊಟ್ಟರು. ಹೆಂಡತಿ ಹಿಂದೆ ಕೋಲು ಹಿಡಿದುಕೊಂಡು ಅಳುತ್ತ ಬರುತ್ತಿದ್ದಳು. ಮುಕ್ಕಾಲು ಗಂಟೆ ಹಿಡಿಯಿತು. ಅವನ ಜೀವನದಲ್ಲಿ ಅಷ್ಟು ಉದ್ದದ ಮುಕ್ಕಾಲು ಗಂಟೆ ಇನ್ನೊಂದಿಲ್ಲ.

ಕೆಳಗೆ ಅಂಗಡಿಯ ಮುಂದೆ ಮೂವತ್ತು ನಲವತ್ತು ಜನ ಕಾಯುತ್ತಿದ್ದರು. ಅಕ್ಕ ಕೋಲು ಹಿಡಿದು ಎದ್ದು ನಿಂತಳು. ಮೇಲಿಂದ ಬರೀ ತಲೆ ಕಂಡವಳು, ಡ್ರೈವರು ಯಾರು ಅಂತ ಕೇಳಿದಳು. ಅವನು ಮುಂದೆ ಬಂದ. ಏನಮ್ಮ, ಯಾಕೆ ಇಳಿದು ಬಂದಿರಿ ಅಂತ ಗಾಬರಿಯಿಂದ ಕೈ ಕೊಡಲು ಹೋದ. ಅವಳು ಕೈ ಹಿಡಿಯಲಿಲ್ಲ.

"ಇವನಿಗೆ ಎಂಟು ದಿನ ಮುಂಚೆಯೇ ಗೊತ್ತಿತ್ತಪ್ಪ. ನೀನು ಬಂದು ಕೇಳಿದಾಗಲೂ ಗೊತ್ತಿತ್ತು. ನನ್ನ ಮನೆ ಉಳಿಸ್ಕೊಳ್ಳೋಕೆ ಬಾಯಿ ಮುಚ್ಚಿಕೊಂಡಿದ್ದ. ನನ್ನ ಹೆಸರಲ್ಲಿ ಮಾಡಿದ್ದು, ಅದಕ್ಕೆ ನಾನೇ ಬಂದು ಹೇಳ್ತಿದೀನಿ."

ಮೇಷ್ಟರು ಜಗ್ಗಣ್ಣನ ಕಡೆ ನೋಡಿ, ನೋಟ ಬೇರೆ ಕಡೆ ತಿರುಗಿಸಿದರು. ಯಾರಾದರೂ ಹೊಡೆಯಲಿ, ಬೈಯಲಿ, ಮುಖಕ್ಕೆ ಉಗಿಯಲಿ ಅಂತ ಅವನು ತಲೆ ತಗ್ಗಿಸಿ ಕಾದ. ಯಾರೂ ಏನೂ ಮಾಡಲಿಲ್ಲ. ಡ್ರೈವರು ಅಂಗಡಿಯೊಳಗಿನ ಸ್ಟೂಲು ತಂದು ಅಕ್ಕನಿಗೆ ಹಾಕಿದ, ಅವಳು ಕೂರುವವರೆಗೆ ಕಾದ. ಆಮೇಲೆ ಜಗ್ಗಣ್ಣನ ಪಕ್ಕದಿಂದಲೇ ದಾಟಿ ಠಾಣೆಯ ಕಡೆ ನಡೆದ. ಉಳಿದವರೂ ಅವನ ಹಿಂದೆ ಹೋದರು. ಜಗ್ಗಣ್ಣನನ್ನು ಯಾರೂ ಬಾ ಅನ್ನಲಿಲ್ಲ.

ಅವನು ಅಕ್ಕನ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವಳ ಅಂಗೈ ಎರಡೂ ಮೆಟ್ಟಿಲಿಗೆ ಉಜ್ಜಿ ಕೆಂಪಾಗಿದ್ದವು. ಅವುಗಳನ್ನು ಹಿಡಿಯಲು ಹೋದ. ಅವಳು ಎಳೆದುಕೊಂಡಳು.

"ಇಲ್ಲಿ ಕೂತ್ಕೊಂಡು ಏನು ಮಾಡ್ತೀಯಾ? ಅವರ ಹಿಂದೆ ಹೋಗು. ಯಾವತ್ತು ಗೊತ್ತಾಯ್ತು, ಯಾರು ಕೇಳಿದ್ರು, ನೀನು ಏನಂದೆ, ದಿನಾಂಕ ಸಮೇತ ಬರೆಸು. ನಾನು ಮೇಲೆ ಹತ್ತೋದು ಹೇಗೆ ಅಂತ ಆಮೇಲೆ ನೋಡೋಣ."

ಜಗ್ಗಣ್ಣ ಎದ್ದ. ಜನ ಆಗಲೇ ತಿರುವಿನ ಹತ್ತಿರ ಹೋಗಿದ್ದರು. ಅವರನ್ನು ಕೂಡಿಕೊಳ್ಳುವ ಧೈರ್ಯ ಬರದೆ, ಹತ್ತು ಹೆಜ್ಜೆ ಹಿಂದೆಯೇ ಉಳಿದು ಠಾಣೆಯವರೆಗೂ ನಡೆದ.